ಅಡಕವಾದ ನಾದ, ಅಳಿದ ನಾದ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದು ಬಹುಮಟ್ಟಿಗೆ ಇದ್ದೇ ಇರುವುದು. ಅಂಗಡಿಯಲ್ಲಿ ಕೊಂಡವು ಕೆಲವು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿ ಮುಂದೆ ಬೆಳೆದುಬಂದ ಮೈಸೂರು ಆಕಾಶವಾಣಿಯ ಕಚೇರಿಗಳನ್ನು ರೇಡಿಯೋದಿಂದಲೇ ತುಂಬಿಕೊಂಡವು ಕೆಲವು. ಮದುವೆಯ ಹಸೆಯ ಮುಂದೆ ಮನೆಯ ಹಿರಿಯ ಹೆಂಗಸರು ಹಾಡಿದವು ಒಂದೆರಡು. ಮೊದಲಿನವು ಇನ್ನೆಲ್ಲಿಯಾದರೂ ದೊರೆತಾವು. ಕೊನೆಯವು ಆ ಪೆಟ್ಟಿಗೆಯ ಹೊರತು ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲ. ಇವನ್ನು ಗಣಕಯಂತ್ರಕ್ಕೆ ಏರಿಸಿ ಮನೆಯ ಎಲ್ಲ ಕೋಣೆಗಳಲ್ಲಿಯೂ ಕೇಳಬೇಕೆಂಬ ವಾಚಕರಿಗಾಗಿ ಈ ತಿಂಗಳ ಲೇಖನವನ್ನು ಮೀಸಲಿಟ್ಟಿದ್ದೇವೆ.

ಸಿ.ಡಿ.ಯ ಪದ್ಧತಿಯಂತೆ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು ಬರೆದಿಟ್ಟರೆ ಒಂದು ಗಂಟೆಯ ಹಾಡಿಗೆ ಸುಮಾರು ೬೩೫ ಮೆಗಾಬೈಟು ಬೇಕಾಗುವುದು. ಸಾಧಾರಣವಾದ ಎಂಪಿ೩ ಅದನ್ನು ೫೮ಕ್ಕೆ ಇಳಿಸುವುದು. ೨೦೦೧ರಿಂದ ಬಳಕೆಯಲ್ಲಿರುವ ಫ್ಲ್ಯಾಕ್ ಎಂಬ ಉಚಿತ ಪದ್ಧತಿಯು ಅರ್ಧಕ್ಕೋ ಅದಕ್ಕಿಂತ ತುಸು ಹೆಚ್ಚಿಗೋ ಇಳಿಸುವುದು. ಹಾಗಾದರೆ ಎಂಪಿ೩ಯೇ ಜಾಣತನವಲ್ಲವೆ ಎಂದು ಕೇಳುವವರುಂಟು.

ಪಾಣಿನಿಯ ಸೂತ್ರಗಳನ್ನು ಓದಿದವರು ಅನುವೃತ್ತಿಯನ್ನು ಬಲ್ಲರು. ಹಿಂದಿನ ಸೂತ್ರದ ಪದವನ್ನು ಮುಂದಿನದರಲ್ಲಿ ಮರಳಿ ಹೇಳದೆ, ಓದುವವನೇ ತಂದುಕೊಳ್ಳಲೆಂದು ಬಿಡುವುದು. ಮಾತು ಕಿರಿದಾಯಿತು, ಅರ್ಥವೇನೂ ಕಳೆಯಲಿಲ್ಲ. ಫ್ಲ್ಯಾಕ್ ಮಾಡುವುದೂ ಇಂಥದೇ. ಹಿಂದಿನ ಅಳತೆಗಳಿಂದ ಮುಂದಿನದನ್ನು ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಬರೆದಿಡುವುದು; ನುಡಿಸುವಾಗ ಎರಡನ್ನೂ ಕೂಡಿಸಿ ಮೂಲವನ್ನು ಯಥಾವತ್ತಾಗಿ ಹೊರಡಿಸುವುದು. (ಕ್ಯಾಸೆಟ್ಟಿನ ಸುಯ್ಯೆಂಬ ಸದ್ದು ಊಹೆಗೆ ನಿಲುಕದಾದ್ದರಿಂದ ಅಂಥವು ಅಷ್ಟಾಗಿ ಕುಗ್ಗವು.) ಎಂಪಿ೩ಯಾದರೋ ಸಾರಾಂಶಕಾರನಂತೆ, ಕಿವಿಯು ಗಮನಿಸದೆಂದು ತನಗೆ ತೋರಿದುದನ್ನು ತೆಗೆದೇ ಹಾಕುವುದು. ಸಾರಾಂಶದಿಂದ ಮೂಲಗ್ರಂಥವನ್ನು ಪುನಃ ಬರೆಯಲಾದೀತೆ?

ಕೃಷ್ಣರಾಜನಗರದ ಕಡೆಯ ಪರಿಚಿತರೊಬ್ಬರ ಮನೆಯಲ್ಲಿ ಹಾಡಿನ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ೩ ಮಾಡಿಸಿದ್ದರು. ತರುವಾಯ ಫ್ಲ್ಯಾಕ್ ಉತ್ತಮವೆಂದು ಕೇಳಿ ಆ ಎಂಪಿ೩ಗಳನ್ನೇ ಫ್ಲ್ಯಾಕ್ ಆಗಿ ಪರಿವರ್ತಿಸಿದರು. ಫೈಲು ಐದಾರು ಪಟ್ಟು ಉಬ್ಬಿತು. ನಾದವೂ ಮರಳಿತೆಂದು ನಂಬಿ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಸಿದ್ಧರಾದರು. ಅದು ಬಾಗಿಲು ದಾಟುವ ಮುನ್ನ ನಾವು ತಡೆದೆವು. ಮೂರರಲ್ಲಿ ಎರಡು ಕ್ಯಾಸೆಟ್ಟುಗಳು ಚೆನ್ನಾಗಿ ನುಡಿದವು. ಅವನ್ನು ಹೊಸದಾಗಿ ಏರಿಸಿ ನೇರವಾಗಿ ಫ್ಲ್ಯಾಕ್ ಮಾಡಿದ್ದಾಯಿತು. ಮೂರನೆಯದರ ಪಟ್ಟಿಗೆ ಬೂಷ್ಟು ಹಿಡಿದಿತ್ತು. ಆ ಮುದುಕಿಯ ಹಾಡಿಗೆ ಈಗ ಎಂಪಿ೩ಯೇ ಗತಿ.

ಆದಕಾರಣ ಕ್ಯಾಸೆಟ್ಟಿನಿಂದ ಏರಿಸಿದ್ದನ್ನು ಮೊದಲು ಫ್ಲ್ಯಾಕ್ ಆಗಿಯೇ ಇಡತಕ್ಕದ್ದು. ಫೋನಿಗೆ ಬೇಕಾದ ಎಂಪಿ೩ಗಳನ್ನು ಅದರಿಂದ ಎಷ್ಟು ಬಾರಿಯಾದರೂ ತೆಗೆಯಬಹುದು. ಒಡಾಸಿಟಿ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಏರಿಸುವಾಗ ಮಟ್ಟದ ಸೂಚಕವು ತುದಿಯನ್ನು ಮುಟ್ಟಕೂಡದು. ಮುಟ್ಟಿದೆಡೆ ತಾರಸ್ಥಾಯಿಯ ಸ್ವರವು ಒಡೆದುಹೋಗುವುದು, ಅದಕ್ಕೆ ಪರಿಹಾರವಿಲ್ಲ. ನಡುವೆ ಕರೆಂಟು ಹೋದರೆ ಫೈಲು ಅರ್ಧಕ್ಕೆ ನಿಂತೀತು. ಫ್ಲ್ಯಾಕಿನ ಆದಿಯಲ್ಲಿ ಮೂಲಧ್ವನಿಯ ಸಂಖ್ಯಾಮುದ್ರೆಯೊಂದನ್ನು ಬರೆದಿರುವುದರಿಂದ, ಪರೀಕ್ಷಾ ಆದೇಶವನ್ನು ಕೊಟ್ಟರೆ ಮುದ್ರೆ ಹೊಂದುವುದೋ ಇಲ್ಲವೋ ತಿಳಿಯುವುದು.

ಇನ್ನು ಮನೆಯೊಳಗೆ ಹರಿಸುವ ವಿಚಾರ. ಹಾಡು ತಡೆತಡೆದು ಬಂದರೆ ಫೈಲು ದೊಡ್ಡದೆಂದು ದೂರುವರು. ಕುಗ್ಗಿಸದ ಸಿ.ಡಿ. ಧ್ವನಿಗೂ ಸೆಕೆಂಡಿಗೆ ೧.೪ ಮೆಗಾಬಿಟ್ಟು ಸಾಕು. ಹಳೆಯ ವೈಫೈ ಕೂಡ ಇದನ್ನು ಹೊರಬಲ್ಲುದು. ದೋಷವಿರುವುದು ಬಹುಶಃ ನಮ್ಮ ಕಡೆಯ ದಪ್ಪ ಮಣ್ಣಿನ ಗೋಡೆಯಲ್ಲಿ. ೫ ಗಿಗಾಹರ್ಟ್ಸಿನ ಬದಲು ೨.೪ನ್ನು ಆರಿಸಿದರೆ ಅಲೆಯು ಗೋಡೆಯನ್ನು ಮೇಲಾಗಿ ದಾಟುವುದು. ತಂತಿಯನ್ನೇ ಎಳೆದರೆ ಇನ್ನೂ ಲೇಸು. ಟಿ.ವಿ.ಯಲ್ಲಿ ಹೆಸರು ಕಂಡೂ ಹಾಡು ನುಡಿಯದಿದ್ದರೆ ಆ ಯಂತ್ರಕ್ಕೆ ಫ್ಲ್ಯಾಕ್ ಬಾರದೆಂದು ತಿಳಿಯಬಹುದು. ಜೆಲ್ಲಿಫಿನ್‌ನಂಥ ತಂತ್ರಾಂಶವು ಮೂಲವನ್ನು ಮುಟ್ಟದೆ ಆ ಹೊತ್ತಿಗೆ ಬೇಕಾದ ರೂಪಕ್ಕೆ ತಿರುಗಿಸಿ ಕಳುಹುವುದು.

ಫ್ಲ್ಯಾಕಿನೊಳಗೆ ಹಾಡಿನ ವಿವರವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಹಾಡಿದವರು ಯಾರು, ಯಾರ ಮದುವೆ, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರಿಗೆ ಹಾಡನ್ನು ಕೇಳಿಸಿ, ಅವರು ಹೇಳಿದಂತೆ ತುಂಬುವುದು. ಗ್ರಾಮಫೋನು ತಟ್ಟೆಗಳ ವಿಷಯವನ್ನು ಮುಂದಿನ ತಿಂಗಳು ಬರೆಯುವೆವು.