ಬುಷ್ ಹೋದರೆ ಬುಷ್ ಹಾಕಿಸಿ, ಇಡೀ ಕಾರು ಬಿಚ್ಚಿಸಬೇಡಿ

ಹಂಪ್ ದಾಟುವಾಗ ಮುಂದಿನ ಚಕ್ರದ ಹತ್ತಿರ ‘ಟಕ್’ ಅಂತ ಒಂದು ಸದ್ದು. ಗುಂಡಿಗೆ ಇಳಿದರೆ ‘ಟಕ್ ಟಕ್’ ಅಂತ ಎರಡು. ಹಳೆಯ ಸಣ್ಣ ಕಾರು ಇರುವ ಮನೆಯವರಿಗೆಲ್ಲ ಈ ಸದ್ದು ಗೊತ್ತು. ಮೊದಲ ತಿಂಗಳು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೂ ಕೆಲವು ತಿಂಗಳು ಬಿಟ್ಟರೆ ಮುಂದಿನ ಟೈರ್ ಒಂದು ಅಂಚಿನಲ್ಲಿ ಬೋಳಾಗಿರುತ್ತದೆ. ಆಮೇಲೆ ಗ್ಯಾರೇಜಿಗೆ ಹೋದರೆ ದೊಡ್ಡ ಪಟ್ಟಿಯೇ ಕೈಗೆ ಬರುತ್ತದೆ: ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಎರಡು ಟೈರ್, ಅಲೈನ್‌ಮೆಂಟ್, ಕೂಲಿ.

ಇಷ್ಟಕ್ಕೆಲ್ಲ ಕಾರಣ ಎಷ್ಟೋ ಸಲ ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕ ಒಂದು ರಬ್ಬರ್ ಬುಷ್. ನಾವು ಹೇಳುವುದು ಇಷ್ಟೇ: ಸದ್ದು ಶುರುವಾದಾಗಲೇ ತೋರಿಸಿ, ಹೋಗಿರುವುದನ್ನು ಮಾತ್ರ ಬದಲಾಯಿಸಿ, ಅದನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ. ಕಾರಿನ ಯಜಮಾನರು ಇಷ್ಟನ್ನು ಕೇಳಿ ತಿಳಿದುಕೊಳ್ಳುವುದು ಜಿಪುಣತನವಲ್ಲ.

ಬುಷ್ ಮಾಡುವ ಕೆಲಸ ಏನು?

ಕಬ್ಬಿಣದ ಎರಡು ಕೊಳವೆ, ಒಂದರೊಳಗೆ ಒಂದು, ನಡುವೆ ಅಂಟಿಸಿದ ರಬ್ಬರ್. ಮುಖ್ಯವಾದ ಬುಷ್ ಇರುವುದು ಹೀಗೆ. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಕಾರಿನ ಮೈಗೆ ಸೇರುವ ಕಡೆ ಇದು ಕೂತಿರುತ್ತದೆ. ಎರಡೂ ಚಕ್ರಗಳ ನಡುವೆ ಅಡ್ಡಕ್ಕೆ ಹೋಗುವ ಸ್ಟೆಬಿಲೈಸರ್ ರಾಡ್‌ಗೂ ರಬ್ಬರ್ ಬುಷ್ ಇರುತ್ತದೆ.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಿಟ್ಟರೆ ಗಾಲಿ ಸಲೀಸಾಗಿ ತಿರುಗುತ್ತದೆ. ಈ ಬುಷ್ ಹಾಗಲ್ಲ. ಇದರಲ್ಲಿ ಯಾವುದೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ಮೇಲೆದ್ದಾಗ ಸ್ವಲ್ಪ ತಿರುಚಿ, ಕೆಳಗಿಳಿದಾಗ ಮತ್ತೆ ತನ್ನ ಸ್ಥಿತಿಗೆ ಬರುತ್ತದೆ. ಆದ್ದರಿಂದ ಸದ್ದು ಬಂತು ಅಂತ ಬುಷ್‌ಗೆ ಗ್ರೀಸ್ ಮೆತ್ತುವುದು, ಹಳೇ ಆಯಿಲ್ ಸುರಿಯುವುದು ಮದ್ದಲ್ಲ. ಎಣ್ಣೆ ಕುಡಿದ ರಬ್ಬರ್ ಉಬ್ಬಿ, ಮೆತ್ತಗಾಗಿ ಬೇಗ ಹಾಳಾಗುತ್ತದೆ. ಎಂಜಿನ್‌ನಿಂದ ಆಯಿಲ್ ತೊಟ್ಟಿಕ್ಕಿ ಬುಷ್ ಮೇಲೆ ಬೀಳುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಬೇಕು. ಇಲ್ಲದಿದ್ದರೆ ಹೊಸ ಬುಷ್ ಗತಿಯೂ ಅದೇ.

ಬುಷ್ ಸವೆದರೆ ಬರೀ ಸದ್ದಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಚಕ್ರ ನಿಲ್ಲಬೇಕಾದ ಕೋನದಲ್ಲಿ ನಿಲ್ಲುವುದಿಲ್ಲ. ಬ್ರೇಕ್ ಒತ್ತಿದಾಗ ಲೋವರ್ ಆರ್ಮ್ ಹಿಂದಕ್ಕೆ ಮುಂದಕ್ಕೆ ಸರಿಯುತ್ತದೆ, ಕಾರು ಒಂದು ಕಡೆಗೆ ಎಳೆಯುತ್ತದೆ. ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಆಗಾಗ ತಿದ್ದುತ್ತಲೇ ಇರಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಹಳೇ ಆಲ್ಟೊ, ಹಳೇ 800 ಅಂದರೆ ಒಂದು ಮನೆಯ ಕಾರಲ್ಲ, ಇಡೀ ಓಣಿಯ ಕಾರು. ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಮಧ್ಯರಾತ್ರಿ ಎದೆನೋವು ಬಂದರೆ ಮೊದಲು ಬಾಗಿಲು ತಟ್ಟುವುದು ಆ ಮನೆಗೇ. ಮಳೆಯಲ್ಲಿ, ಅವಸರದಲ್ಲಿ, ಐದಾರು ಜನ ಕೂತ ಕಾರು ಬ್ರೇಕ್ ಹಾಕಿದಾಗ ಪಕ್ಕಕ್ಕೆ ಎಳೆದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ರಸ್ತೆಯ ಪಾಲೂ ಇದೆ

ಎಲ್ಲ ತಪ್ಪನ್ನೂ ರಬ್ಬರ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾಮಾನ್ಯ ರಸ್ತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಹೇಳಿತ್ತು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕಾರು ಮೆಲ್ಲಗೆ ಹತ್ತಿ ಇಳಿಯಲಿ ಅನ್ನುವುದು ಅದರ ಲೆಕ್ಕವಾಗಿತ್ತು. ನಮ್ಮಲ್ಲಿ ಎಷ್ಟೋ ಹಂಪ್‌ಗಳು ಗದ್ದೆಯ ಬದುವಿನಂತೆ ಕಡಿದಾಗಿವೆ. ಬಣ್ಣ ಇಲ್ಲ, ಮುಂಚೆ ಒಂದು ಫಲಕವೂ ಇಲ್ಲ. ಅದರ ಜೊತೆಗೆ ಕೊಳಾಯಿ ಪೈಪಿಗೆ ರಸ್ತೆ ಅಗೆದು, ಮಣ್ಣು ತುಂಬಿ, ಡಾಂಬರು ಹಾಕದೇ ಬಿಟ್ಟ ಅಡ್ಡಗುಣಿಗಳು. ಇಂಥದ್ದರ ಮೇಲೆ ದಿನಕ್ಕೆ ನಾಲ್ಕು ಸಲ ಓಡಾಡಿದರೆ ಯಾವ ಕಂಪನಿಯ ಬುಷ್ ಆದರೂ ಬೇಗ ಬಿರುಕು ಬಿಡುತ್ತದೆ. ಗ್ರಾಮಸಭೆಯಲ್ಲಿ ಬೀದಿ ದೀಪದ ಬಗ್ಗೆ ಕೇಳುವ ನಾವು ಹಂಪ್‌ನ ಅಳತೆಯನ್ನೂ ಕೇಳಬೇಕು.

ರಸ್ತೆ ಸರಿಯಾಗುವವರೆಗೆ ಕಾರು ಓಡಬೇಕಲ್ಲ? ಹಾಗಾಗಿ ಗ್ಯಾರೇಜಿನ ವಿಷಯಕ್ಕೆ ಬರೋಣ.

ಗ್ಯಾರೇಜಿನಲ್ಲಿ ಎಡವುವುದು ಎಲ್ಲಿ?

ಮೊದಲನೆಯದು, ನೋಡದೇ ಹೇಳುವುದು. ನಮ್ಮ ತಂಡದ ಒಬ್ಬರ ಮನೆಯ ಕಾರಿಗೆ ಒಂದು ಗ್ಯಾರೇಜಿನವರು ಸದ್ದು ಕೇಳಿದ ಕೂಡಲೇ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. ದುಡ್ಡು ಹೋಯಿತು, ಸದ್ದು ಉಳಿಯಿತು. ಬೇರೆಯವರು ಜಾಕ್ ಹಾಕಿ, ಕೆಳಗೆ ಹೋಗಿ, ಚಿಕ್ಕ ಹಾರೆಯಿಂದ ಲೋವರ್ ಆರ್ಮ್ ಮೀಟಿ ನೋಡಿದಾಗ ಬುಷ್‌ನ ರಬ್ಬರ್ ಹರಿದಿದ್ದು ಕಂಡಿತು. ಬಾಲ್ ಜಾಯಿಂಟ್, ಟೈ ರಾಡ್, ಸ್ಟೆಬಿಲೈಸರ್ ಬುಷ್, ಶಾಕ್ ಅಬ್ಸಾರ್ಬರ್ ತಲೆಯ ಮೌಂಟ್, ಇವೆಲ್ಲ ಹೆಚ್ಚು ಕಡಿಮೆ ಒಂದೇ ಥರ ಸದ್ದು ಮಾಡುತ್ತವೆ. ಕಿವಿಯಿಂದ ಮಾತ್ರ ಯಾವುದು ಅಂತ ಹೇಳಲು ಆಗುವುದಿಲ್ಲ. ಒಂದೊಂದನ್ನೂ ಅಲ್ಲಾಡಿಸಿ ನೋಡಲೇಬೇಕು.

ಎರಡನೆಯದು, ಬುಷ್ ಬದಲು ಇಡೀ ಆರ್ಮ್ ಹಾಕುವುದು. ಕೆಲವು ಸಲ ಇದು ಸರಿಯೇ. ಆರ್ಮ್ ಬಾಗಿದ್ದರೆ, ತುಕ್ಕು ತಿಂದಿದ್ದರೆ, ಅದರ ಜೊತೆಗೇ ಕೂಡಿಕೊಂಡ ಬಾಲ್ ಜಾಯಿಂಟ್ ಹೋಗಿದ್ದರೆ ಆರ್ಮ್ ಹಾಕಿಸುವುದೇ ಲೇಸು. ಆರ್ಮ್ ಗಟ್ಟಿಯಾಗಿದ್ದು ಬುಷ್ ಮಾತ್ರ ಹೋಗಿದ್ದರೆ, ಆ ಮಾದರಿಗೆ ಬಿಡಿ ಬುಷ್ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ. ಸಿಕ್ಕರೆ ಖರ್ಚು ತುಂಬಾ ಇಳಿಯುತ್ತದೆ.

ಮೂರನೆಯದು, ಸುತ್ತಿಗೆ. ಹಳೇ ಬುಷ್ ಬಿಗಿಯಾಗಿ ಕೂತಿರುತ್ತದೆ. ಬೆಂಕಿ ಹಚ್ಚಿ ರಬ್ಬರ್ ಸುಟ್ಟು, ಸುತ್ತಿಗೆಯಿಂದ ಬಡಿದು ತೆಗೆಯುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಆ ಹೊಗೆ ಕೆಲಸ ಮಾಡುವ ಹುಡುಗನ ಎದೆಗೆ ಕೆಟ್ಟದ್ದು, ಏಟು ಆರ್ಮ್‌ಗೆ ಕೆಟ್ಟದ್ದು. ಬುಷ್ ಕೂರುವ ರಂಧ್ರ ಸ್ವಲ್ಪ ಅಂಡಾಕಾರವಾದರೂ ಹೊಸ ಬುಷ್ ಸಡಿಲವಾಗುತ್ತದೆ. ಪ್ರೆಸ್‌ನಲ್ಲಿ ಒತ್ತಿ ತೆಗೆದು, ಪ್ರೆಸ್‌ನಲ್ಲೇ ಕೂರಿಸಬೇಕು. ಗ್ಯಾರೇಜಿನಲ್ಲಿ ಇಲ್ಲದಿದ್ದರೆ ಪೇಟೆಯ ಲೇತ್ ಅಂಗಡಿಯಲ್ಲಿ ವಿಚಾರಿಸಿ. ಆರ್ಮ್ ಬಿಚ್ಚಿ ಅಲ್ಲಿಗೆ ಒಯ್ದರೆ ಆಯಿತು.

ನಾಲ್ಕನೆಯದೇ ಬಹಳ ಮುಖ್ಯ, ಎಲ್ಲರೂ ಮರೆಯುವುದೂ ಇದನ್ನೇ. ಕಾರು ಜಾಕ್ ಮೇಲಿದ್ದಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬುಷ್‌ನ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಮನೆ ಮುಂದೆ ನಿಂತಾಗಲೂ ಅದು ಹಿಂಡಿದ ಬಟ್ಟೆಯಂತೆಯೇ ಇರುತ್ತದೆ. ವರ್ಷಗಟ್ಟಲೆ ಬರಬೇಕಾದದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಹೊಸ ಬುಷ್ ಹಾಕಿಸಿದರೂ ಬಾಳಿಕೆ ಬರಲಿಲ್ಲ, ಮಾಲು ಸರಿಯಿಲ್ಲ’ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ಕೆಲಸ. ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಇದಕ್ಕೆ ಒಂದು ರೂಪಾಯಿ ಹೆಚ್ಚಿಗೆ ಬೇಕಿಲ್ಲ, ಹತ್ತು ನಿಮಿಷದ ತಾಳ್ಮೆ ಬೇಕು.

ಈಗ ಪಾಲಿಯುರೆಥೇನ್ ಬುಷ್‌ಗಳೂ ಸಿಗುತ್ತವೆ. ಅವು ಗಟ್ಟಿ, ಬಾಳಿಕೆಯೂ ಹೆಚ್ಚು. ಆದರೆ ರಸ್ತೆಯ ಪ್ರತಿ ಕಲ್ಲಿನ ನಡುಕವನ್ನೂ ಒಳಗೆ ದಾಟಿಸುತ್ತವೆ. ವಯಸ್ಸಾದವರನ್ನು, ಗರ್ಭಿಣಿಯರನ್ನು ಕೂರಿಸಿಕೊಂಡು ಹೋಗುವ ಹಳ್ಳಿಯ ಕಾರಿಗೆ ಕಂಪನಿ ಕೊಟ್ಟ ಥರದ ರಬ್ಬರೇ ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಮೆಕ್ಯಾನಿಕ್ ಅಣ್ಣಂದಿರ ಕಡೆಯಿಂದಲೂ ಒಂದು ಮಾತು

ಇಷ್ಟು ಹೇಳಿದ್ದಕ್ಕೆ ಹಳ್ಳಿಯ ಗ್ಯಾರೇಜಿನವರನ್ನು ದೂರುತ್ತಿದ್ದೇವೆ ಅಂದುಕೊಳ್ಳಬೇಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಬೈಕ್ ಹತ್ತಿ ಬರುವವರು ಅವರೇ. ಬುಷ್‌ನ ಬೆಲೆ ಕಡಿಮೆ, ಬಿಚ್ಚಿ ಕಟ್ಟುವ ಕೂಲಿ ಹೆಚ್ಚು. ‘ಅಷ್ಟು ಚಿಕ್ಕ ರಬ್ಬರ್‌ಗೆ ಇಷ್ಟು ದುಡ್ಡಾ?’ ಅಂತ ನಾವು ಚೌಕಾಸಿ ಮಾಡುತ್ತೇವೆ. ಇಡೀ ಆರ್ಮ್ ಹಾಕಿ ದೊಡ್ಡ ಬಿಲ್ ಕೊಟ್ಟರೆ ಮಾತಾಡದೇ ಕೊಡುತ್ತೇವೆ. ಹೀಗಿರುವಾಗ ಪ್ರಾಮಾಣಿಕವಾಗಿ ಬುಷ್ ಮಾತ್ರ ಬದಲಾಯಿಸುವವನಿಗೆ ಸಿಗುವುದೇನು? ಮಾಲಿಗಲ್ಲ, ಕೆಲಸಕ್ಕೆ ದುಡ್ಡು ಕೊಡುವುದನ್ನು ನಾವು ಕಲಿಯಬೇಕು. ಒಂದೇ ಊರಿನ ಮೂರು ನಾಲ್ಕು ಗ್ಯಾರೇಜಿನವರು ಸೇರಿ ಒಂದು ಪ್ರೆಸ್ ಇಟ್ಟುಕೊಂಡರೆ ಎಲ್ಲರಿಗೂ ಅನುಕೂಲ.

ಕಾರು ಬಿಡುವ ಮುಂಚೆ ಇಷ್ಟು ಕೇಳಿ

ಹೋಗಿರುವ ಬುಷ್ ಯಾವುದು, ಮೀಟಿ ತೋರಿಸುತ್ತೀರಾ? ಬಿಡಿ ಬುಷ್ ಸಿಗುತ್ತದೆಯೇ, ಇಡೀ ಆರ್ಮೇ ಬೇಕೆ? ಆ ಕಡೆಯದ್ದೂ ನೋಡಿದಿರಾ? ಒಂದೇ ರಸ್ತೆಯಲ್ಲಿ ಸವೆದ ಜೋಡಿಯಾದ್ದರಿಂದ ಎರಡೂ ಕಡೆ ಒಟ್ಟಿಗೆ ಹಾಕಿಸುವುದು ಒಳ್ಳೆಯದು. ಕೊನೆಯ ಬಿಗಿ ಕಾರು ನೆಲದ ಮೇಲಿದ್ದಾಗ ಕೊಡುತ್ತೀರಾ? ಹಳೇ ಮಾಲು ವಾಪಸ್ ಕೊಡುತ್ತೀರಾ?

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಹೊಸ ಬುಷ್ ಇದ್ದೂ ಟೈರ್ ಸವೆಯಬಹುದು. ಬಿಲ್ ಕೇಳಿ ಪಡೆಯಿರಿ. ರಿಪೇರಿಯೂ ಒಂದು ಸೇವೆ; ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನೊಂದು ಮಾತು, ಮನೆಯ ಹುಡುಗರಿಗೆ. ವಿಡಿಯೊ ನೋಡಿ ನೀವೇ ಬಿಚ್ಚಲು ಹೋಗುವುದಾದರೆ, ಬರೀ ಜಾಕ್ ನಂಬಿ ಕಾರಿನ ಕೆಳಗೆ ನುಗ್ಗಬೇಡಿ. ಜಾಕ್ ಜಾರುವುದಕ್ಕೆ ಒಂದು ಕ್ಷಣ ಸಾಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಭಾರಕ್ಕೆ ಒಡೆಯುತ್ತವೆ. ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಕ್ಕೆ ಅಡ್ಡ ಇಟ್ಟ ಮೇಲಷ್ಟೇ ಕೆಳಗೆ ಕೈ ಹಾಕಿ. ಬುಷ್ ಕಿತ್ತು ಕೂರಿಸುವ ಕೆಲಸವನ್ನು ಪ್ರೆಸ್ ಇರುವವರಿಗೇ ಬಿಡಿ.

ಹಿಂಗಾರಿನ ಸುಗ್ಗಿಗೆ, ಜಾತ್ರೆಗೆ, ಮದುವೆಗೆ ಕಾರು ಹೊರಡಿಸುವ ಮುಂಚೆ ಒಂದು ಸಲ ಸದ್ದಿಗೆ ಕಿವಿ ಕೊಡಿ. ‘ಟಕ್’ ಅಂದರೆ ಆ ವಾರವೇ ಜಾಕ್ ಹಾಕಿಸಿ ತೋರಿಸಿ. ನಿಮ್ಮೂರಿನಲ್ಲಿ ಬುಷ್‌ನ್ನು ಬುಷ್‌ನಂತೆಯೇ ರಿಪೇರಿ ಮಾಡುವ ಮೆಕ್ಯಾನಿಕ್ ಇದ್ದರೆ, ಅವರು ಕೇಳಿದಷ್ಟು ಕೂಲಿ ಕೊಟ್ಟು ನಾಲ್ಕು ಜನಕ್ಕೆ ಹೇಳಿ.