ಹಸುಗೂಸಿನ ರಕ್ತ ಪರೀಕ್ಷೆ: ಅಂಕಿಗಿಂತ ಗಂಟೆ ಮುಖ್ಯ

ಹುಟ್ಟಿ ಒಂದು ದಿನವೂ ಕಳೆಯದ ಕೂಸು ಹಾಲು ಚೀಪುತ್ತಿಲ್ಲ, ಮೈ ತಣ್ಣಗಿದೆ. ವೈದ್ಯರು ಸೋಂಕಿನ ಶಂಕೆಯಿಂದ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ಬಿಳಿ ರಕ್ತಕಣಗಳು ಘನ ಮಿಲಿಮೀಟರಿಗೆ 20,000! ದೊಡ್ಡವರಲ್ಲಿ ಅವು ಸುಮಾರು 4,000ದಿಂದ 11,000 ಎಂದು ತಿಳಿದ ತಂದೆ ಗಾಬರಿಯಾಗುವುದು ಸಹಜ. ಆದರೆ ಮೊದಲ ದಿನ ಆರೋಗ್ಯವಂತ ಶಿಶುವಿನಲ್ಲೂ ಈ ಸಂಖ್ಯೆ 9,000ದಿಂದ 30,000ದವರೆಗೆ ಇರಬಹುದು. ಅದು 5,000ಕ್ಕಿಂತ ಕೆಳಗಿಳಿದರೇ ಹೆಚ್ಚು ಚಿಂತೆ. ಸೋಂಕಿನೊಡನೆ ಹೋರಾಡಿ ಕಣಗಳು ಖರ್ಚಾಗಿರಬಹುದು. ಆಗ ಅಸ್ಥಿಮಜ್ಜೆ ಇನ್ನೂ ಬಲಿಯದ ಕಣಗಳನ್ನೂ ರಕ್ತಕ್ಕೆ ಕಳಿಸುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚು ಎಳೆಯವಾಗಿದ್ದರೆ ಶಂಕೆ ಬಲವಾಗುತ್ತದೆ.

ವರದಿಯ ಇನ್ನೊಂದು ಸಾಲು ಸಿಆರ್‌ಪಿ. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್ ಗುರುತಿಸಿದರು. ಸೋಂಕಿನ ಸುಳಿವು ಸಿಕ್ಕಾಗ ಪಿತ್ತಜನಕಾಂಗ ತಯಾರಿಸುವ ಪ್ರೋಟೀನು ಇದು. ರಕ್ತದಲ್ಲಿ ಇದರ ಪ್ರಮಾಣ ಏರಲು 6ರಿಂದ 12 ಗಂಟೆ ಬೇಕು. ಹಾಗಾಗಿ ಮೊದಲ ವರದಿ ಸರಿಯಿದ್ದ ಮಾತ್ರಕ್ಕೆ ಸೋಂಕಿಲ್ಲವೆನ್ನಲಾಗದು. ಕಷ್ಟದ ಹೆರಿಗೆಯಾದರೆ ಸೋಂಕಿಲ್ಲದೆಯೂ ಇದು ಏರಬಹುದು.

ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ಅಷ್ಟು ಹೊತ್ತು ಕಾಯುವುದು ಕೂಸಿನ ಜೀವಕ್ಕೇ ಅಪಾಯ. ಆದ್ದರಿಂದಲೇ ವೈದ್ಯರು ಕಲ್ಚರ್‌ಗೆ ರಕ್ತ ತೆಗೆದ ಕೂಡಲೇ ಆ್ಯಂಟಿಬಯಾಟಿಕ್ ಆರಂಭಿಸುತ್ತಾರೆ. ಮರುದಿನ ಸಿಆರ್‌ಪಿ ಮತ್ತೆ ನೋಡುತ್ತಾರೆ. ಎರಡು ಸಲವೂ ಅದು ಏರದೆ, ಕಲ್ಚರ್‌ನಲ್ಲಿ ರೋಗಾಣು ಬೆಳೆಯದೆ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಔಷಧಿ ನಿಲ್ಲಿಸಬಹುದು.

ಮೊದಲ ವರದಿ ಕೈಗೆ ಬಂದೊಡನೆ 'ಎಲ್ಲ ಸರಿಯಿದೆ, ಮನೆಗೆ ಕಳಿಸಿ' ಎಂದು ತಂದೆತಾಯಿ ಆತುರಪಡಬಾರದು. ಒಂದು ದಿನದ ತಾಳ್ಮೆ ಮಗುವಿನ ಪ್ರಾಣ ಉಳಿಸೀತು.