ಕಣ್ಣು ಆಡಿಸಿದರೆ ಮನಸ್ಸಿನ ಗಾಯ ಮಾಯುತ್ತದೆಯೇ? ಇಎಂಡಿಆರ್ ಚಿಕಿತ್ಸೆಯಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು?

ಕಪ್ಪು ಪರದೆಯ ಮೇಲೆ ಚುಕ್ಕೆಯೊಂದು ಎಡಕ್ಕೂ ಬಲಕ್ಕೂ ಓಡಾಡುತ್ತಿರುತ್ತದೆ. ತಲೆ ಅಲ್ಲಾಡಿಸದೆ ಐದು ನಿಮಿಷ ಇದನ್ನೇ ನೋಡಿ, ಹಳೆಯ ನೋವೆಲ್ಲ ಅಳಿಸಿಹೋಗುತ್ತದೆ ಎಂದು ಕೆಳಗೆ ಬರೆದಿರುತ್ತದೆ. ಇಂಥ ವಿಡಿಯೊಗಳು ರೀಲ್ಸ್‌ನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಸಾಕಷ್ಟು ಸಿಗುತ್ತವೆ. ಕೆಲವರು ಇದನ್ನು ಪವಾಡ ಎನ್ನುತ್ತಾರೆ, ಕೆಲವರು ಶುದ್ಧ ಬುರುಡೆ ಎಂದು ತಳ್ಳಿಹಾಕುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಈ ವಿಡಿಯೊಗಳ ಹಿಂದೆ ನಿಜವಾದ ಒಂದು ಚಿಕಿತ್ಸೆ ಇದೆ. ಆದರೆ ಆ ವಿಡಿಯೊವೇ ಚಿಕಿತ್ಸೆಯಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ನಿಜವಾಗಿ ನೊಂದವರಿಗೇ ತೊಂದರೆ. ಹಾಗಾಗಿ ವಿವರವಾಗಿ ನೋಡೋಣ.

ಏನಿದು ಇಎಂಡಿಆರ್?

ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್ ಎಂಬುದರ ಚಿಕ್ಕ ರೂಪ ಇಎಂಡಿಆರ್. ಇದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ. 1987ರಲ್ಲಿ ಉದ್ಯಾನವನವೊಂದರಲ್ಲಿ ನಡೆಯುತ್ತಿದ್ದಾಗ, ಕಣ್ಣುಗಳು ಅತ್ತಿತ್ತ ಓಡಾಡಿದ ಮೇಲೆ ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ತೀವ್ರತೆ ಕಡಿಮೆಯಾದದ್ದನ್ನು ಅವರು ಗಮನಿಸಿದರು. ಆಮೇಲೆ ಇದನ್ನು ಇತರರ ಮೇಲೆ ಪ್ರಯೋಗಿಸಿ, 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು.

ಈ ಚಿಕಿತ್ಸೆ ಮುಖ್ಯವಾಗಿ ಪಿಟಿಎಸ್‌ಡಿ ಇರುವವರಿಗೆ. ಅಂದರೆ ಅಪಘಾತ, ಲೈಂಗಿಕ ದೌರ್ಜನ್ಯ, ಹಲ್ಲೆ, ಯುದ್ಧ, ಭೂಕಂಪದಂಥ ಘಟನೆಗಳ ನಂತರ ಉಳಿದುಬಿಡುವ ಮಾನಸಿಕ ಸಮಸ್ಯೆಗೆ.

ಆಘಾತದ ನೆನಪು ಏಕೆ ಬೇರೆ?

ಸಾಮಾನ್ಯ ನೆನಪು ಕಾಲ ಕಳೆದಂತೆ ಮಾಸುತ್ತದೆ. ಹತ್ತು ವರ್ಷದ ಹಿಂದಿನ ಜಗಳ ನೆನಪಿಗೆ ಬಂದರೂ ಅದು ಹಳೆಯದು ಎಂದು ಮನಸ್ಸಿಗೆ ಗೊತ್ತಿರುತ್ತದೆ. ಪಿಟಿಎಸ್‌ಡಿಯಲ್ಲಿ ಹಾಗಾಗುವುದಿಲ್ಲ. ಲಾರಿ ಹಾರ್ನ್ ಕೇಳಿದರೆ ಸಾಕು, ಅಪಘಾತ ಈಗಲೇ ನಡೆಯುತ್ತಿದೆ ಎಂಬಂತೆ ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. ರಾತ್ರಿ ಕೆಟ್ಟ ಕನಸು, ಆ ರಸ್ತೆಯತ್ತ ಹೋಗಲು ಹೆದರಿಕೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಮನೆಯವರ ಮೇಲೆ ಸಿಡುಕು. ಇವೆಲ್ಲ ಮನೋದೌರ್ಬಲ್ಯವಲ್ಲ, ಗಾಳಿ ಸೋಂಕಿದ್ದೂ ಅಲ್ಲ.

ಘಟನೆಯಾದ ಮೊದಲ ಕೆಲವು ವಾರ ಹೀಗಾಗುವುದು ಸಹಜ. ಬಹಳಷ್ಟು ಜನರಲ್ಲಿ ತಾನಾಗಿಯೇ ತಗ್ಗುತ್ತದೆ. ತಿಂಗಳು ಕಳೆದರೂ ತಗ್ಗದೆ ಕೆಲಸಕ್ಕೆ, ನಿದ್ದೆಗೆ, ಸಂಬಂಧಗಳಿಗೆ ಅಡ್ಡಿಯಾಗುತ್ತಿದ್ದರೆ ಚಿಕಿತ್ಸೆ ಬೇಕು.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಇಎಂಡಿಆರ್‌ನಲ್ಲಿ ಎಂಟು ಹಂತಗಳಿವೆ. ಕಣ್ಣಿನ ಚಲನೆ ಶುರುವಾಗುವುದು ಮೊದಲ ಹಂತಗಳು ಮುಗಿದ ಮೇಲೆ. ಮೊದಲು ಚಿಕಿತ್ಸಕರು ವ್ಯಕ್ತಿಯ ಹಿನ್ನೆಲೆ ಕೇಳುತ್ತಾರೆ. ಅವರು ಈ ಚಿಕಿತ್ಸೆಗೆ ಸಿದ್ಧರಿದ್ದಾರೆಯೇ ಎಂದು ನೋಡುತ್ತಾರೆ. ಭಯ ಉಕ್ಕಿ ಬಂದರೆ ಸಮಾಧಾನ ಮಾಡಿಕೊಳ್ಳುವ ಉಪಾಯಗಳನ್ನು ಕಲಿಸುತ್ತಾರೆ.

ಆಮೇಲೆ ಕಾಡುವ ಒಂದು ದೃಶ್ಯವನ್ನು ಆರಿಸಿಕೊಳ್ಳುತ್ತಾರೆ. ಅದರೊಂದಿಗೆ ಅಂಟಿಕೊಂಡ ಯೋಚನೆಯನ್ನು, ಉದಾಹರಣೆಗೆ "ತಪ್ಪೆಲ್ಲ ನನ್ನದೇ" ಎಂಬುದನ್ನು, ಗುರುತಿಸುತ್ತಾರೆ. ಸಂಕಟ ಎಷ್ಟಿದೆ ಎಂದು 0ರಿಂದ 10ರವರೆಗಿನ ಅಂಕದಲ್ಲಿ ಕೇಳುತ್ತಾರೆ. ನಂತರ ಆ ದೃಶ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ, ಚಿಕಿತ್ಸಕರ ಬೆರಳಿನ ಅತ್ತಿತ್ತ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, "ಈಗ ಏನು ಅನ್ನಿಸುತ್ತಿದೆ?" ಎಂದು ಕೇಳುತ್ತಾರೆ. ಸಂಕಟದ ಅಂಕ ಇಳಿಯುವವರೆಗೆ ಇದು ಮುಂದುವರಿಯುತ್ತದೆ. ಕಣ್ಣಿನ ಬದಲು ಎರಡೂ ಕೈಗಳನ್ನು ಸರದಿಯಂತೆ ಮೆಲ್ಲಗೆ ತಟ್ಟುವುದೂ, ಎರಡೂ ಕಿವಿಗೆ ಸರದಿಯಂತೆ ಸದ್ದು ಕೇಳಿಸುವುದೂ ಇದೆ. ಒಂದು ಭೇಟಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಹಲವು ಭೇಟಿಗಳು ಬೇಕಾಗುತ್ತವೆ.

ಪುರಾವೆ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ ಇಎಂಡಿಆರ್ ಅನ್ನು ಶಿಫಾರಸು ಮಾಡಿದೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಅದೇ ಪಟ್ಟಿಯಲ್ಲಿದೆ. ಬ್ರಿಟನ್ನಿನ ನೈಸ್ ಸಂಸ್ಥೆಯೂ 2018ರಲ್ಲಿ ವಯಸ್ಕರಿಗೆ ಇದನ್ನು ಸೂಚಿಸಿತು, ಆದರೆ ಯುದ್ಧದಿಂದಾದ ಆಘಾತವನ್ನು ಹೊರಗಿಟ್ಟಿತು. ಹಾಗಾಗಿ "ಇದು ಬುರುಡೆ" ಎನ್ನುವುದು ತಪ್ಪು.

ಹಾಗೆಂದು ಎಲ್ಲವೂ ಇತ್ಯರ್ಥವಾಗಿಲ್ಲ. 2020ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು, ಪಿಟಿಎಸ್‌ಡಿಯಲ್ಲಿ ಇದು ಅಲ್ಪಾವಧಿಗೆ ಉಪಯುಕ್ತವಿರಬಹುದು, ಆದರೆ ಲಭ್ಯವಿರುವ ಅನೇಕ ಅಧ್ಯಯನಗಳ ಗುಣಮಟ್ಟ ಸಾಲದು ಎಂದಿತು. ಬೇರೆ ಮಾನಸಿಕ ಸಮಸ್ಯೆಗಳಿಗೆ ಪುರಾವೆ ಇನ್ನೂ ದುರ್ಬಲ. ಎಲ್ಲ ಕಾಯಿಲೆಗೂ ಇದೊಂದೇ ಮದ್ದು ಎಂದು ಯಾರಾದರೂ ಹೇಳಿದರೆ ಅನುಮಾನಿಸಿ.

ಕಣ್ಣಿನ ಚಲನೆಯೇ ಗುಣಪಡಿಸುತ್ತದೆಯೇ?

ವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆ ಇರುವುದು ಇಲ್ಲೇ. ನೋವಿನ ನೆನಪನ್ನು ಸುರಕ್ಷಿತ ಜಾಗದಲ್ಲಿ ಕುಳಿತು ಎದುರಿಸುವುದರಿಂದಲೇ ಭಯ ತಗ್ಗುತ್ತದೆ, ಕಣ್ಣಿನ ಚಲನೆ ಬರೀ ಅಲಂಕಾರ ಎನ್ನುವುದು ಟೀಕಾಕಾರರ ವಾದ. 2001ರ ವಿಶ್ಲೇಷಣೆಯೊಂದರಲ್ಲಿ ಕಣ್ಣಿನ ಚಲನೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2013ರ ಇನ್ನೊಂದರಲ್ಲಿ ಲಾಭ ಕಂಡಿತು.

ಹೆಚ್ಚು ಚರ್ಚೆಯಲ್ಲಿರುವ ವಿವರಣೆ ಸರಳವಾಗಿದೆ. ಮಿದುಳು ಒಂದೇ ಹೊತ್ತಿಗೆ ಹಿಡಿದಿಡಬಲ್ಲ ವಿಷಯಕ್ಕೆ ಮಿತಿಯಿದೆ. ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಾ ಒಂದು ದೃಶ್ಯವನ್ನು ಸ್ಪಷ್ಟವಾಗಿ ಕಲ್ಪಿಸಿಕೊಳ್ಳಲು ಪ್ರಯತ್ನಿಸಿ, ಚಿತ್ರ ಮಸುಕಾಗುತ್ತದೆ. ಹಾಗೆಯೇ ಕಣ್ಣು ಕೆಲಸದಲ್ಲಿದ್ದಾಗ ನೆನಪಿನ ಹರಿತ ಕಡಿಮೆಯಾಗಿ, ಆ ಮಸುಕು ರೂಪದಲ್ಲೇ ಅದು ಮತ್ತೆ ದಾಖಲಾಗಬಹುದು. ಗಮನ ಬೇಡುವ ಬೇರೆ ಕೆಲಸಗಳಿಂದಲೂ ಪ್ರಯೋಗಗಳಲ್ಲಿ ಇಂಥ ಪರಿಣಾಮ ಕಂಡಿದೆ. ಅಂದರೆ ಕಣ್ಣಿಗೆ ಮಾಂತ್ರಿಕ ಶಕ್ತಿಯೇನೂ ಇಲ್ಲ.

ಹರಡಿರುವ ತಪ್ಪು ಕಲ್ಪನೆಗಳು

*ನೆನಪು ಅಳಿಸಿಹೋಗುತ್ತದೆ.* ಇಲ್ಲ. ನಡೆದದ್ದು ನೆನಪಿರುತ್ತದೆ, ಅದು ಚುಚ್ಚುವುದು ಕಡಿಮೆಯಾಗುತ್ತದೆ.

*ಇದು ವಶೀಕರಣ ಅಥವಾ ಹಿಪ್ನಾಟಿಸಂ.* ಅಲ್ಲ. ವ್ಯಕ್ತಿ ಪೂರ್ತಿ ಎಚ್ಚರವಾಗಿರುತ್ತಾರೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು.

*ವಿಡಿಯೊ ನೋಡಿಕೊಂಡು ಮನೆಯಲ್ಲೇ ಮಾಡಬಹುದು.* ಅಪಾಯ ಇರುವುದು ಇಲ್ಲೇ. ಚುಕ್ಕೆ ನೋಡುವುದರಿಂದ ಕಣ್ಣಿಗೆ ಹಾನಿಯಿಲ್ಲ. ಆದರೆ ದೌರ್ಜನ್ಯಕ್ಕೆ ಒಳಗಾದ ಹುಡುಗಿಯೊಬ್ಬಳು ರಾತ್ರಿ ಒಬ್ಬಳೇ ಕೋಣೆಯಲ್ಲಿ ಕುಳಿತು ಆ ನೆನಪನ್ನು ಕೆದಕಿದರೆ, ಉಕ್ಕಿ ಬರುವ ಭಯವನ್ನು ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ತರಬೇತಿ ಪಡೆದವರೊಂದಿಗೆ ಮಾಡುವಾಗಲೂ ಕೆಲವು ದಿನ ಕನಸು, ಅಳು ಹೆಚ್ಚಾಗಬಹುದು. ಎಂಟು ಹಂತಗಳಲ್ಲಿ ತಯಾರಿಗೆ ಅಷ್ಟು ಮಹತ್ವ ಇರುವುದು ಇದಕ್ಕೇ. ಇನ್ನೊಂದು ತೊಂದರೆಯೂ ಇದೆ. ವಿಡಿಯೊ ನೋಡಿ ಫಲ ಸಿಗದಿದ್ದಾಗ "ನನಗೆ ಯಾವುದೂ ನಾಟುವುದಿಲ್ಲ" ಎಂದುಕೊಂಡು, ನಿಜವಾದ ಚಿಕಿತ್ಸೆಗೂ ಹೋಗದೆ ಉಳಿದುಬಿಡಬಹುದು.

ಸಹಾಯ ಎಲ್ಲಿ ಸಿಗುತ್ತದೆ?

ಮೊದಲು ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟ್ ಅವರನ್ನೋ ಕಾಣಿ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನೂ, ಇಎಂಡಿಆರ್ ತರಬೇತಿ ಆಗಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ. ಎಲ್ಲರಿಗೂ ಇಎಂಡಿಆರ್ ಬೇಕೆಂದಿಲ್ಲ, ಯಾವುದು ಹೊಂದುತ್ತದೆ ಎಂದು ಅವರು ನೋಡಿ ಹೇಳುತ್ತಾರೆ.

ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ನಿಮ್ಮ ಗುಂಪಿನಲ್ಲಿ ಯಾರು ಏನನ್ನು ನುಂಗಿಕೊಂಡು ಬದುಕುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿರುವುದಿಲ್ಲ. ಐದು ನಿಮಿಷದಲ್ಲಿ ನೋವು ಮಾಯ ಎನ್ನುವ ವಿಡಿಯೊ ಅವರ ಕೈಗೆ ಸಿಕ್ಕರೆ ಸಿಗುವುದು ಸುಳ್ಳು ಭರವಸೆ. ಅದರ ಬದಲು ಈ ಮಾತು ಕಳಿಸಿ: ಆಘಾತಕ್ಕೆ ಚಿಕಿತ್ಸೆ ಇದೆ, ಅದಕ್ಕೆ ಸಮಯ ಹಿಡಿಯುತ್ತದೆ, ಒಬ್ಬರೇ ಮಾಡಿಕೊಳ್ಳಬೇಕಾಗಿಲ್ಲ. ಜೊತೆಗೆ 14416 ಎಂಬ ಆ ಐದು ಅಂಕಿಗಳನ್ನೂ ಸೇರಿಸಿ.